ಹೆತ್ತವರಿಂದಲೇ ಅಪಾಯವಿದ್ದರೆ: ಮಗುವನ್ನು ಕಾನೂನಿನ ದಾರಿಯಲ್ಲಿ ಬೇರ್ಪಡಿಸಿ ಕಾಪಾಡುವುದು ಹೇಗೆ?

“ಹೆತ್ತವರು ಹೊಡೀದೆ ಇನ್ಯಾರು ಹೊಡೀತಾರೆ?” ಎಂಬ ಒಂದು ಮಾತಿನಡಿ ಎಷ್ಟೋ ಮಕ್ಕಳ ನೋವು ಮುಚ್ಚಿಹೋಗುತ್ತದೆ. ಮೈಮೇಲೆ ಬರೆ ಬಿದ್ದ ಮಗುವನ್ನು ಠಾಣೆಗೆ ಕರೆದೊಯ್ದರೆ ತಂದೆಯಿಂದ ಮುಚ್ಚಳಿಕೆ ಬರೆಸಿಕೊಂಡು, ನಾಲ್ಕು ಬುದ್ಧಿಮಾತು ಹೇಳಿ, ಮಗುವನ್ನು ಅದೇ ಮನೆಗೆ ವಾಪಸು ಕಳಿಸುವುದು ನಮ್ಮ ಊರುಗಳಲ್ಲಿ ಇನ್ನೂ ನಡೆಯುತ್ತದೆ. ಊರಿನ ಹಿರಿಯರ ಪಂಚಾಯಿತಿಯಾದರೂ ಅಷ್ಟೇ. ಕಾನೂನು ಹೇಳುವುದು ಇದನ್ನಲ್ಲ. ಹೆತ್ತವರು ಮಗುವನ್ನು ನೋಡಿಕೊಳ್ಳಲು ಯೋಗ್ಯರಲ್ಲ ಎಂದು ತೀರ್ಮಾನಿಸಿ, ಅದನ್ನು ಬೇರೆಡೆ ಬೆಳೆಸಲು ಆದೇಶ ಕೊಡುವ ಅಧಿಕಾರವಿರುವ ಮಕ್ಕಳ ಕಲ್ಯಾಣ ಸಮಿತಿ ಪ್ರತಿ ಜಿಲ್ಲೆಗೂ ಇರಬೇಕೆಂದು ಕಾನೂನೇ ಹೇಳಿದೆ. ಅಲ್ಲಿಗೆ ಮಗು ತಾನೇ ಹೋಗಬಹುದು.

ಈ ಬರಹ ಮೊಮ್ಮಗುವನ್ನು ಉಳಿಸಿಕೊಳ್ಳಲು ಒದ್ದಾಡುವ ಅಜ್ಜಿಗೆ, ಸೋದರಮಾವನಿಗೆ, ಚಿಕ್ಕಮ್ಮನಿಗೆ, ತರಗತಿಯಲ್ಲಿ ಮಗುವಿನ ಮುಖ ನೋಡಿ ಏನೋ ಆಗಿದೆ ಎಂದು ಅರಿತ ಟೀಚರಿಗೆ, ಗೋಡೆಯಾಚೆಯಿಂದ ಅಳು ಕೇಳುವ ನೆರೆಯವರಿಗೆ. ಹದಿನಾಲ್ಕು, ಹದಿನೈದರ ಮಕ್ಕಳಿಗಾಗಿಯೂ ಒಂದು ಭಾಗವಿದೆ. ಒಂದು ಮಾತನ್ನು ಮಾತ್ರ ಉದ್ದಕ್ಕೂ ಹಿಡಿದುಕೊಳ್ಳಿ: ಬಾಯಿಮಾತಿನ ರಾಜಿಗೆ ಒಪ್ಪಬೇಡಿ, ಪ್ರತಿ ಹಂತದಲ್ಲೂ ಬರಹದಲ್ಲಿ ಕೇಳಿ.

ಬೇರ್ಪಡಿಸುವುದು ಎಂದರೆ ಏನು?

1992ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬ ಹೆತ್ತ ತಾಯಿಯ ಸಂಬಂಧ ಕಡಿದುಕೊಡಿ ಎಂದು ಕೋರ್ಟಿಗೆ ಹೋದ. ಹೆತ್ತವರಿಗೆ ಮಗು ಡೈವೋರ್ಸ್ ಕೊಟ್ಟಿತು ಎಂಬ ಸುದ್ದಿ ಜಗತ್ತಿಗೆಲ್ಲ ಹಬ್ಬಿತು. ಮರುವರ್ಷ ಮೇಲ್ಮನವಿ ನ್ಯಾಯಾಲಯವು ಅಪ್ರಾಪ್ತ ಮಗು ತನ್ನ ಹೆಸರಿನಲ್ಲೇ ಅಂಥ ದಾವೆ ಹೂಡಲಾಗದು ಎಂದಿತು. ಆದರೆ ಅವನನ್ನು ಸಾಕುತ್ತಿದ್ದವರ ಕಡೆಯ ಅರ್ಜಿಯ ಮೇಲೆ ಸಂಬಂಧ ಕಡಿದದ್ದನ್ನು ಎತ್ತಿಹಿಡಿಯಿತು. ಅಲ್ಲೂ ಕೊನೆಗೆ ಮಗುವಿನ ಜೊತೆ ನಿಂತ ದೊಡ್ಡವರೊಬ್ಬರು ಬೇಕಾದರು.

ಭಾರತದಲ್ಲಿ ಮಗು ಹಾಗೆ ‘ಡೈವೋರ್ಸ್’ ಕೊಡುವ ಕಾಯ್ದೆಯಿಲ್ಲ. ಹದಿನಾರಕ್ಕೇ ಸ್ವತಂತ್ರ ಎಂದು ಘೋಷಿಸಿಕೊಳ್ಳುವ ಅವಕಾಶವೂ ಇಲ್ಲ; ಹದಿನೆಂಟು ತುಂಬುವವರೆಗೆ ಯಾರಾದರೊಬ್ಬರ ಪಾಲನೆಯಲ್ಲೇ ಇರಬೇಕು. ಇರುವುದು ಬೇರೆ ಬೇರೆ ಬಾಗಿಲುಗಳು. ತಕ್ಷಣಕ್ಕೆ ಮಗುವನ್ನು ಅಪಾಯದಿಂದ ಹೊರತರುವುದು ಒಂದು. ಮಕ್ಕಳ ಕಲ್ಯಾಣ ಸಮಿತಿಯ ಆದೇಶದಿಂದ ಸಂಬಂಧಿಕರಲ್ಲೋ ಬಾಲಮಂದಿರದಲ್ಲೋ ಪೋಷಕ ಕುಟುಂಬದಲ್ಲೋ (ಹೆತ್ತವರಲ್ಲದೆ ಮಗುವನ್ನು ಸಾಕಲು ಮುಂದಾಗುವ ಬೇರೆ ಮನೆ, ಫಾಸ್ಟರ್ ಕೇರ್) ಇರಿಸುವುದು ಇನ್ನೊಂದು. ಕೋರ್ಟಿನಿಂದ ಬೇರೆಯವರು ಗಾರ್ಡಿಯನ್ ಆಗುವುದು ಮೂರನೆಯದು. ಹೆತ್ತವರೊಂದಿಗಿನ ಕಾನೂನು ಸಂಬಂಧ ಪೂರ್ತಿ ಕಳಚುವುದು ದತ್ತಕದಲ್ಲಿ ಮಾತ್ರ. ಬಹುಪಾಲು ಮಕ್ಕಳಿಗೆ ಬೇಕಾಗುವುದು ಎರಡನೆಯದು, ಕೆಲವರಿಗೆ ಮೂರನೆಯದು. ಯಾವ ಬಾಗಿಲು ತಟ್ಟಬೇಕೆಂದು ತಿಳಿಯದೆ ನೇರ ದತ್ತಕದ ಮಾತೆತ್ತಿದರೆ ತಿಂಗಳುಗಳು ವ್ಯರ್ಥವಾಗುತ್ತವೆ.

ಬಡತನ ಬೇರೆ, ನಿರ್ಲಕ್ಷ್ಯ ಬೇರೆ

ದೂರು ಕೊಡುವ ಮೊದಲು ಇದನ್ನು ಮನಸ್ಸಿಟ್ಟು ಯೋಚಿಸಿ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ತಾಯಿ ಸಂಜೆಯವರೆಗೆ ಮಗುವನ್ನು ಒಂಟಿಯಾಗಿ ಬಿಡುತ್ತಾಳೆ, ಗುಳೆ ಹೋದ ಕುಟುಂಬದ ಮಗು ಶಾಲೆ ತಪ್ಪಿಸುತ್ತದೆ ಎಂದರೆ ಅಲ್ಲಿ ಬೇಕಿರುವುದು ನೆರವು, ಬೇರ್ಪಡೆ ಅಲ್ಲ. ಇಂಥ ಕುಟುಂಬಗಳಿಗೆ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಸಿಗಬಹುದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಹಾಕಿಸಿ. ಬಡವರ ಮಕ್ಕಳನ್ನು ಬಡತನದ ಕಾರಣಕ್ಕೇ ಕಿತ್ತುಕೊಳ್ಳುವುದು ಇನ್ನೊಂದು ಬಗೆಯ ಕ್ರೌರ್ಯ.

ಆದರೆ ಮಗುವಿಗೆ ಪದೇಪದೇ ಪೆಟ್ಟು ಬೀಳುತ್ತಿದ್ದರೆ, ಬೇಕೆಂದೇ ಊಟ, ಔಷಧ ತಪ್ಪಿಸುತ್ತಿದ್ದರೆ, ಕೂಡಿಹಾಕುತ್ತಿದ್ದರೆ, ಭಿಕ್ಷೆಗೋ ಜೀತಕ್ಕೋ ಹಚ್ಚಿದ್ದರೆ, ಲೈಂಗಿಕವಾಗಿ ಮುಟ್ಟುತ್ತಿದ್ದರೆ, ಮದುವೆ ಗೊತ್ತು ಮಾಡಿದ್ದರೆ, ಕುಡಿತದಲ್ಲೋ ಚಿಕಿತ್ಸೆಯಿಲ್ಲದ ಕಾಯಿಲೆಯಲ್ಲೋ ಮುಳುಗಿ ಮಗುವಿನ ಪರಿವೆಯೇ ಇಲ್ಲದಿದ್ದರೆ ಅದು ‘ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು’. ಇದು ಬಾಲನ್ಯಾಯ ಕಾಯ್ದೆ, 2015ರ ಮಾತು. ಅರ್ಜಿಯಲ್ಲಿ ಈ ಮಾತನ್ನು ಹಾಗೆಯೇ ಬಳಸಿ.

ಹಂತ 1: ಇವತ್ತು ರಾತ್ರಿ ಮಗು ಎಲ್ಲಿ ಮಲಗುತ್ತದೆ?

ಮೊದಲ ಪ್ರಶ್ನೆ ಇದೇ, ಮಿಕ್ಕಿದ್ದೆಲ್ಲ ಆಮೇಲೆ. ಅಪಾಯ ಈಗಲೇ ಇದ್ದರೆ 112ಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಎರಡೂ ಉಚಿತ, ಹಗಲು ರಾತ್ರಿ ಸಿಗುತ್ತವೆ. ಕರೆ ಮಾಡಿದ ದಿನಾಂಕ, ಸಮಯ, ಮಾತಾಡಿದವರ ಹೆಸರು ಬರೆದಿಡಿ. ಗಾಯವಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಎಂಎಲ್‌ಸಿ (ಪೊಲೀಸರಿಗೂ ತಿಳಿಸಬೇಕಾದ ಗಾಯದ ಪ್ರಕರಣ ಎಂಬ ವೈದ್ಯಕೀಯ ದಾಖಲೆ) ಮಾಡಿ ಎಂದು ಕೇಳಿ. ಮಗು ಬಿದ್ದು ಪೆಟ್ಟಾಯಿತು ಎಂದು ಚೀಟಿಯಲ್ಲಿ ಬರೆಸುವ ತಪ್ಪು ಮಾಡಬೇಡಿ. ಮುಂದೆ ಅದೇ ಚೀಟಿ ಮಗುವಿನ ವಿರುದ್ಧ ನಿಲ್ಲುತ್ತದೆ.

ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಎಂದು ಒಬ್ಬರನ್ನು ನೇಮಿಸಿರಬೇಕು. ಠಾಣೆಗೆ ಹೋದರೆ ಅವರನ್ನೇ ಕೇಳಿ.

ಈಗ ಒಂದು ಗಂಭೀರ ಎಚ್ಚರಿಕೆ. ಪ್ರೀತಿಯಿಂದಲೇ ಆದರೂ ಮಗುವನ್ನು ಸದ್ದಿಲ್ಲದೆ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಹೆತ್ತವರು ಅಪಹರಣದ ದೂರು ಕೊಟ್ಟರೆ ಸೋದರಮಾವನೂ ಆರೋಪಿಯಾಗಬಹುದು, ಮಗು ಪೊಲೀಸರ ಕೈಯಿಂದ ನೇರ ಅದೇ ಮನೆ ಸೇರಬಹುದು. ಮಗು ನಿಮ್ಮ ಬಾಗಿಲಿಗೆ ಓಡಿಬಂದರೆ ಒಳಗೆ ಕರೆದುಕೊಳ್ಳಿ, ಅನ್ನ ಹಾಕಿ, ಕೂಡಲೇ 1098ಕ್ಕೆ ತಿಳಿಸಿ, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿ. ಪ್ರಯಾಣದ ಸಮಯ ಈ ಲೆಕ್ಕಕ್ಕೆ ಸೇರುವುದಿಲ್ಲ. ಹೀಗೆ ಮಾಡಿದರೆ ನೀವು ಮಗುವನ್ನು ಬಚ್ಚಿಟ್ಟವರಲ್ಲ, ಕಾನೂನಿನ ಮುಂದೆ ತಂದು ನಿಲ್ಲಿಸಿದವರು.

ಹಂತ 2: ಪುರಾವೆ ಕೂಡಿಸುವುದು

ಇದಕ್ಕೆ ವಕೀಲರು ಬೇಕಿಲ್ಲ, ಒಂದು ನೋಟ್‌ಬುಕ್ ಸಾಕು. ಯಾವ ದಿನ, ಏನಾಯಿತು, ಯಾರು ನೋಡಿದರು, ಮಗು ತನ್ನ ಮಾತಿನಲ್ಲಿ ಏನು ಹೇಳಿತು ಎಂದು ಅಂದಂದೇ ಬರೆಯಿರಿ. ಮಗು “ಅಪ್ಪ ಬೆಲ್ಟಲ್ಲಿ ಹೊಡ್ದ” ಎಂದರೆ ಹಾಗೇ ಬರೆಯಿರಿ, “ತಂದೆಯು ಅಮಾನುಷವಾಗಿ ಥಳಿಸಿದ” ಎಂದು ತಿದ್ದಬೇಡಿ. ಮಗುವನ್ನು ಮತ್ತೆ ಮತ್ತೆ ಪ್ರಶ್ನಿಸಿ ವಿಡಿಯೊ ಮಾಡುವುದೂ ಬೇಡ. ಹತ್ತು ಸಲ ಹೇಳಿಸಿದರೆ ಮಗು ಒಳಗೊಳಗೇ ನರಳುತ್ತದೆ, ಯಾರೋ ಹೇಳಿಕೊಟ್ಟದ್ದು ಎಂಬ ಅನುಮಾನಕ್ಕೂ ದಾರಿಯಾಗುತ್ತದೆ.

ಶಾಲೆಯ ಹಾಜರಾತಿ, ಆಸ್ಪತ್ರೆಯ ಚೀಟಿಗಳು, ಗಾಯದ ಫೋಟೊ, ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಗೆ ಗೊತ್ತಿರುವ ಸಂಗತಿ, ಹಿಂದೆ ಠಾಣೆಯಲ್ಲಿ ಬರೆಸಿಕೊಂಡ ಮುಚ್ಚಳಿಕೆಯ ಪ್ರತಿ, ಎಲ್ಲವೂ ಬೇಕು. ಆ ಮುಚ್ಚಳಿಕೆ ಬಹಳ ಮುಖ್ಯ: ಮುಂದೆ ಹೀಗೆ ಮಾಡುವುದಿಲ್ಲ ಎಂದು ಒಮ್ಮೆ ಬರೆದುಕೊಟ್ಟವರು ಮತ್ತೆ ಮಾಡಿದ್ದಾರೆ ಎಂಬುದಕ್ಕೆ ಅದಕ್ಕಿಂತ ನೇರವಾದ ಸಾಕ್ಷಿ ಇನ್ನೊಂದಿಲ್ಲ. ವಯಸ್ಸಿಗೆ ಶಾಲೆಯ ದಾಖಲೆ ಅಥವಾ ಜನನ ಪ್ರಮಾಣಪತ್ರ ಸಾಕು. ಎರಡೂ ಇಲ್ಲದಾಗ ಮಾತ್ರ ವೈದ್ಯಕೀಯ ಪರೀಕ್ಷೆಯ ಮಾತು ಬರುತ್ತದೆ.

ಫೋಟೊವನ್ನು ವಾಟ್ಸ್‌ಆ್ಯಪ್ ಗುಂಪಿಗೋ ಫೇಸ್‌ಬುಕ್ಕಿಗೋ ಹಾಕಬೇಡಿ. ಮಗುವಿನ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಡಿ ಅಪರಾಧ.

ಹಂತ 3: ಮಕ್ಕಳ ಕಲ್ಯಾಣ ಸಮಿತಿಯ ಮುಂದೆ

ಈ ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು ಇರುತ್ತಾರೆ. ಅವರಲ್ಲಿ ಒಬ್ಬರಾದರೂ ಮಹಿಳೆ. ಮೊದಲ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರ ಈ ಪೀಠಕ್ಕಿದೆ. ತಿಂಗಳಿಗೆ ಕನಿಷ್ಠ ಇಪ್ಪತ್ತು ದಿನ ಸಭೆ ನಡೆಯಬೇಕು. ಸಭೆಯಿಲ್ಲದ ದಿನ ಅಥವಾ ಹೊತ್ತಲ್ಲದ ಹೊತ್ತಿನಲ್ಲಿ ಯಾರಾದರೊಬ್ಬ ಸದಸ್ಯರ ಮುಂದೆಯೂ ಮಗುವನ್ನು ಹಾಜರುಪಡಿಸಬಹುದು. “ಇವತ್ತು ಸಮಿತಿ ಇಲ್ಲ, ಸೋಮವಾರ ಬನ್ನಿ” ಎಂದು ಯಾರಾದರೂ ಅಂದರೆ ಇದನ್ನು ನೆನಪಿಸಿ. ಸಮಿತಿ ಕೂರುವ ಸ್ಥಳವನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿದರೆ ಹೇಳುತ್ತಾರೆ. ಹಲವು ಕಡೆ ಸಮಿತಿ ಬಾಲಮಂದಿರದ ಆವರಣದಲ್ಲೇ ಕೂರುತ್ತದೆ.

ಪೊಲೀಸರು, ಸರ್ಕಾರಿ ನೌಕರರು, ಸಹಾಯವಾಣಿಯವರು, ವೈದ್ಯರು, ಸಮಾಜ ಕಾರ್ಯಕರ್ತರು, ಕಾಳಜಿಯಿರುವ ಯಾವುದೇ ನಾಗರಿಕರು ಮಗುವನ್ನು ಕರೆತರಬಹುದು. ಮಗು ಒಂಟಿಯಾಗಿಯೂ ಬರಬಹುದು. ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಅರ್ಜಿ ಬಿಳಿ ಹಾಳೆಯಲ್ಲಿ, ಕನ್ನಡದಲ್ಲಿ, ಹೀಗಿರಲಿ:

ಇವರಿಗೆ,
ಅಧ್ಯಕ್ಷರು, ಮಕ್ಕಳ ಕಲ್ಯಾಣ ಸಮಿತಿ, …… ಜಿಲ್ಲೆ.

ವಿಷಯ: ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವನ್ನು ಹಾಜರುಪಡಿಸಿ, ಆದೇಶ ಕೋರಿ.

ಮಾನ್ಯರೇ,
…… ವರ್ಷದ ಈ ಮಗು ನನ್ನ …… (ಸಂಬಂಧ). ಮಗು …… ಶಾಲೆಯಲ್ಲಿ …… ತರಗತಿ ಓದುತ್ತಿದೆ. ದಿನಾಂಕ …… ರಂದು …… ನಡೆದಿದೆ. ಇದಕ್ಕೂ ಮೊದಲು …… ರಂದು …… ನಡೆದಿತ್ತು. ಮಗುವಿನ ಮಾತಿನಲ್ಲಿ: “……”. ಮನೆಗೆ ಮರಳಿದರೆ ಮಗುವಿಗೆ ಅಪಾಯವಿದೆ ಎಂದು ನಂಬಲು ಕಾರಣಗಳು: ……
ಆದ್ದರಿಂದ (1) ವಿಚಾರಣೆ ಮುಗಿಯುವವರೆಗೆ ಮಗುವನ್ನು ಹೆತ್ತವರ ವಶಕ್ಕೆ ಕೊಡಬಾರದೆಂದೂ (2) ಸಾಮಾಜಿಕ ತನಿಖಾ ವರದಿ ತರಿಸಿಕೊಳ್ಳಬೇಕೆಂದೂ (3) ಮಗುವಿನ ಅಭಿಪ್ರಾಯವನ್ನು ಹೆತ್ತವರಿಲ್ಲದೆ ಪ್ರತ್ಯೇಕವಾಗಿ ಕೇಳಬೇಕೆಂದೂ (4) ಮಗುವನ್ನು ನೋಡಿಕೊಳ್ಳಲು ಸಿದ್ಧವಿರುವ ನನ್ನನ್ನು ಯೋಗ್ಯ ವ್ಯಕ್ತಿ ಎಂದು ಪರಿಗಣಿಸಬೇಕೆಂದೂ ಕೋರುತ್ತೇನೆ.

ಎರಡು ಪ್ರತಿ ಒಯ್ಯಿರಿ. ಒಂದನ್ನು ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ನಿರಾಕರಿಸಿದರೆ ಅದಕ್ಕೆ ಹಿಂಬರಹ, ಅಂದರೆ ನಿರಾಕರಣೆಯ ಕಾರಣವನ್ನು ಬರಹದಲ್ಲಿ, ಕೇಳಿ. ಅದನ್ನೂ ಕೊಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗೆ ಹಾಕಿ. ಸಮಿತಿಯ ಮೇಲಿನ ದೂರುಗಳನ್ನು ಕೇಳಬೇಕಾದವರು ಜಿಲ್ಲಾಧಿಕಾರಿಯೇ. ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಬರೆಯಬಹುದು.

ಹಂತ 4: ವಿಚಾರಣೆಯ ತಿಂಗಳುಗಳು

ಮಗುವಿನ ಮನೆ, ಕುಟುಂಬದ ಸ್ಥಿತಿಯನ್ನು ವಿಚಾರಿಸುವ ಸಾಮಾಜಿಕ ತನಿಖೆ 15 ದಿನದಲ್ಲಿ ಮುಗಿಯಬೇಕು, ಅಂತಿಮ ಆದೇಶ ಮಗುವನ್ನು ಮೊದಲು ಹಾಜರುಪಡಿಸಿದ ದಿನದಿಂದ ನಾಲ್ಕು ತಿಂಗಳೊಳಗೆ ಬರಬೇಕು. ಅಂತಿಮ ತೀರ್ಮಾನದ ದಿನ ಕನಿಷ್ಠ ಮೂವರು ಸದಸ್ಯರು ಇರಬೇಕು. ಇಡೀ ಪ್ರಕರಣದ ಬೆನ್ನೆಲುಬು ಆ ತನಿಖಾ ವರದಿ. ಅಧಿಕಾರಿ ಮನೆಗೆ ಬಂದಾಗ ಹೆತ್ತವರು ಮನೆ ಗುಡಿಸಿ, ಕಾಫಿ ಕೊಟ್ಟು, ಒಳ್ಳೆಯ ಮಾತಾಡುತ್ತಾರೆ. ಆದ್ದರಿಂದ ಟೀಚರು, ಅಂಗನವಾಡಿಯವರು, ನೆರೆಯವರ ಹೆಸರನ್ನು ನೀವೇ ಬರೆದುಕೊಟ್ಟು, ಇವರನ್ನೂ ಮಾತಾಡಿಸಿ ಎಂದು ಕೇಳಿಕೊಳ್ಳಿ.

ಮಗುವಿನ ಮನಸ್ಸು ಈ ತಿಂಗಳುಗಳಲ್ಲಿ ಹೊಯ್ದಾಡುತ್ತದೆ. ತಾಯಿ ಸಮಿತಿಯ ಬಾಗಿಲಲ್ಲಿ ನಿಂತು ಅತ್ತರೆ ನಿನ್ನೆಯವರೆಗೆ “ಮನೆಗೆ ಹೋಗಲ್ಲ” ಎನ್ನುತ್ತಿದ್ದ ಮಗು ಇವತ್ತು “ಹೋಗ್ತೀನಿ” ಎಂದುಬಿಡುತ್ತದೆ. ಅದು ಸುಳ್ಳಲ್ಲ, ತಪ್ಪೂ ಅಲ್ಲ. ಹೊಡೆಯುವ ಅಪ್ಪನನ್ನೂ ಮಗು ಪ್ರೀತಿಸುತ್ತದೆ. ಮಗುವಿನ ಮುಂದೆ ಹೆತ್ತವರನ್ನು ಬೈಯಬೇಡಿ, “ಈಗ ಮಾತು ಬದಲಿಸಿದರೆ ನಮ್ಮ ಮಾನ ಹೋಗುತ್ತದೆ” ಎಂದು ಒತ್ತಾಯಿಸಲೂ ಬೇಡಿ. ಆಪ್ತಸಮಾಲೋಚಕರನ್ನು ಕೊಡಿಸಿ ಎಂದು ಸಮಿತಿಯನ್ನು ಕೇಳಿ. ರಾತ್ರಿ ಹೊತ್ತು ಮಗುವಿಗೋ ನಿಮಗೋ ತಡೆಯಲಾರದೆ ಹೋದರೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲಿ ಮಾತಾಡುತ್ತಾರೆ.

ವಕೀಲರು ಬೇಕೆನಿಸಿದರೆ ಹಣದ ಚಿಂತೆ ಬೇಡ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ ಪ್ರಕಾರ ಆದಾಯ ಎಷ್ಟೇ ಇರಲಿ, ಪ್ರತಿ ಮಗುವಿಗೂ ಪ್ರತಿ ಮಹಿಳೆಗೂ ಉಚಿತ ವಕೀಲರು ಸಿಗಬೇಕು. ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಹಂತ 5: ಆದೇಶದಲ್ಲಿ ಏನು ಕೇಳಬೇಕು?

ಬಾಲಮಂದಿರ ಕೊನೆಯ ಆಯ್ಕೆಯಾಗಿರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಹಾಗಾಗಿ ಸಂಬಂಧಿಕರಲ್ಲಿ ಯಾರಾದರೂ ಸಿದ್ಧರಿದ್ದರೆ ಮೊದಲು ಅದನ್ನೇ ಕೇಳಿ. ಸಮಿತಿ ಅವರ ಮನೆ, ಹಿನ್ನೆಲೆ ಪರಿಶೀಲಿಸಿ ಯೋಗ್ಯ ವ್ಯಕ್ತಿ ಎಂದು ಮಾನ್ಯ ಮಾಡಿ ಮಗುವನ್ನು ಒಪ್ಪಿಸಬಹುದು. ಸಂಬಂಧಿಕರಿಲ್ಲದಿದ್ದರೆ ಪೋಷಕ ಕುಟುಂಬವೊಂದರಲ್ಲಿ ಇರಿಸಬಹುದು. ಇದಕ್ಕೂ ಸರ್ಕಾರದ ನೆರವಿನ ಹಣ ತಿಂಗಳಿಗೆ 4,000 ರೂಪಾಯಿ. ಅಣ್ಣ ತಂಗಿಯರಿದ್ದರೆ ಒಟ್ಟಿಗೇ ಇಡಬೇಕೆಂದು ಬರಹದಲ್ಲಿ ಕೇಳಿ. ಹುಡುಗರ ಬಾಲಮಂದಿರ ಒಂದು ಕಡೆ, ಹುಡುಗಿಯರದು ಇನ್ನೊಂದು ಕಡೆ ಇರುವುದರಿಂದ ಕೇಳದಿದ್ದರೆ ಮಕ್ಕಳು ಚದುರಿಹೋಗುತ್ತಾರೆ.

ಸಮಿತಿ ಮಗುವನ್ನು ಹೆತ್ತವರಿಗೇ ಒಪ್ಪಿಸಲು ಹೊರಟರೆ ಮೇಲ್ವಿಚಾರಣೆಯ ಷರತ್ತು ಹಾಕಿಸಿ: ಯಾರು, ಎಷ್ಟು ದಿನಕ್ಕೊಮ್ಮೆ ಮನೆಗೆ ಬಂದು ನೋಡುತ್ತಾರೆ ಎಂಬುದು ಆದೇಶದಲ್ಲೇ ಇರಲಿ. ಹೆತ್ತವರು ಮಗುವನ್ನು ಭೇಟಿಯಾಗುವುದಾದರೆ ಎಲ್ಲಿ, ಯಾರ ಎದುರಿಗೆ ಎಂಬುದೂ ಬರಹದಲ್ಲಿರಲಿ. ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಬಹುದು. ಪೋಷಕ ಆರೈಕೆಯ ಕುರಿತ ಆದೇಶವಾದರೆ ಮೇಲ್ಮನವಿ ಜಿಲ್ಲಾಧಿಕಾರಿಗೆ. ಈ ಹಕ್ಕು ಹೆತ್ತವರಿಗೂ ಇದೆ, ಅದಕ್ಕೆ ಸಿದ್ಧರಾಗಿರಿ.

ಲೈಂಗಿಕ ದೌರ್ಜನ್ಯವಾಗಿದ್ದರೆ

ಇಲ್ಲಿ ಯೋಚಿಸುವ ಅವಕಾಶವೇ ಇಲ್ಲ. ಪೋಕ್ಸೊ ಕಾಯ್ದೆ, 2012ರ 19ನೇ ಕಲಮಿನಡಿ, ವಿಷಯ ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. “ಮನೆಮರ್ಯಾದೆ” ಎಂದು ಮುಚ್ಚಿಟ್ಟ ಅಜ್ಜಿ, ಹೆಡ್‌ಮಾಸ್ತರು, ವೈದ್ಯರು ಎಲ್ಲರೂ ಶಿಕ್ಷೆಗೆ ಗುರಿಯಾಗಬಹುದು. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು. ಆರೋಪಿ ಅದೇ ಮನೆಯಲ್ಲಿ ವಾಸಿಸುವವನಾದರೆ ಮಗುವನ್ನು ಆ ಮನೆಯಿಂದ ಬೇರ್ಪಡಿಸಬೇಕೇ ಎಂದು ಸಮಿತಿ ಮೂರು ದಿನದಲ್ಲಿ ತೀರ್ಮಾನಿಸಬೇಕು.

ಮಗುವಿನ ಹೇಳಿಕೆಯನ್ನು ಮಗುವಿಗೆ ಇಷ್ಟವಾದ ಜಾಗದಲ್ಲಿ, ಸಮವಸ್ತ್ರವಿಲ್ಲದೆ ಬಂದ ಅಧಿಕಾರಿ ಪಡೆಯಬೇಕು. ಆದಷ್ಟೂ ಅವರು ಮಹಿಳಾ ಎಸ್‌ಐ ಆಗಿರಬೇಕು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸುವಂತಿಲ್ಲ. ಪ್ರಕರಣ ಮುಗಿಯುವವರೆಗೂ ಜೊತೆಗಿರುವ ಬೆಂಬಲ ವ್ಯಕ್ತಿಯನ್ನು ನೇಮಿಸಿ ಎಂದು ಸಮಿತಿಯನ್ನು ಕೇಳಿ. ಚಿಕಿತ್ಸೆ ಉಚಿತ. ಪರಿಹಾರದ ಹಣಕ್ಕೆ ತೀರ್ಪಿನವರೆಗೆ ಕಾಯಬೇಕಿಲ್ಲ, ಮಧ್ಯಂತರ ಪರಿಹಾರ ಕೇಳಬಹುದು. ಎಷ್ಟೋ ಸಲ ಮನೆಯಿಂದ ಹೊರಗೆ ಹೋಗಬೇಕಾದವನು ಆರೋಪಿ, ಮಗು ಅಲ್ಲ. ತಾಯಿ ಮಗುವಿನ ಪರ ಗಟ್ಟಿಯಾಗಿ ನಿಂತಿದ್ದರೆ ಕೌಟುಂಬಿಕ ಹಿಂಸೆ ಕಾಯ್ದೆ, 2005ರಡಿ ರಕ್ಷಣಾ ಆದೇಶವನ್ನೂ ಮಗುವಿನ ತಾತ್ಕಾಲಿಕ ಪಾಲನೆಯನ್ನೂ ಅವಳಿಗೇ ಕೊಡಿಸಬಹುದು. ಆಗ ಮಗುವಿನ ಶಾಲೆ, ಗೆಳತಿಯರು, ಹಾಸಿಗೆ ಯಾವುದೂ ಕೈತಪ್ಪುವುದಿಲ್ಲ.

ಕೋರ್ಟಿನ ಬಾಗಿಲು: ಗಾರ್ಡಿಯನ್ ಆಗುವುದು

ಅಜ್ಜಿಯೋ ಮಾವನೋ ವರ್ಷಗಟ್ಟಲೆ ಮಗುವನ್ನು ಸಾಕಬೇಕಿದ್ದರೆ, ಶಾಲೆ, ಬ್ಯಾಂಕು, ಪಾಸ್‌ಪೋರ್ಟ್ ಎಲ್ಲಕ್ಕೂ ಸಹಿ ಹಾಕಬೇಕಿದ್ದರೆ, ಕೋರ್ಟಿನ ಆದೇಶ ಹೆಚ್ಚು ಗಟ್ಟಿ. ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ, 1890 ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಕೌಟುಂಬಿಕ ನ್ಯಾಯಾಲಯದಲ್ಲಿ, ಅದಿಲ್ಲದಿದ್ದರೆ ಜಿಲ್ಲಾ ನ್ಯಾಯಾಲಯದಲ್ಲಿ, ಸಂಬಂಧಿಕರು ಅಥವಾ ಹಿತೈಷಿಗಳು ಅರ್ಜಿ ಹಾಕಬಹುದು. ತಂದೆ ಬದುಕಿದ್ದರೆ ಅವನು ಯೋಗ್ಯನಲ್ಲ ಎಂದು ತೋರಿಸಬೇಕಾಗುತ್ತದೆ. ಹಂತ 2ರಲ್ಲಿ ಕೂಡಿಸಿದ ಪುರಾವೆ, ಸಮಿತಿಯ ಆದೇಶ, ಎಫ್‌ಐಆರ್ ಎಲ್ಲ ಇಲ್ಲಿ ಕೆಲಸಕ್ಕೆ ಬರುತ್ತವೆ. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನು ಕೋರ್ಟು ಪರಿಗಣಿಸಬಹುದು ಎಂದು 17ನೇ ಕಲಮು ಹೇಳುತ್ತದೆ. ಪ್ರಕರಣ ಎಳೆಯುವುದರಿಂದ ಮೊದಲ ದಿನವೇ 12ನೇ ಕಲಮಿನಡಿ ಮಧ್ಯಂತರ ರಕ್ಷಣೆ ಕೇಳಿ ಎಂದು ವಕೀಲರಿಗೆ ಹೇಳಿ.

ದತ್ತಕ ಬೇರೆಯೇ ದಾರಿ. ಸಂಬಂಧಿಕರು ದತ್ತು ತೆಗೆದುಕೊಳ್ಳಲು ಸಾಮಾನ್ಯವಾಗಿ ಹೆತ್ತವರ ಒಪ್ಪಿಗೆ ಬೇಕು. ಹಿಂಸಿಸುವವರು ಅದನ್ನು ಸುಲಭಕ್ಕೆ ಕೊಡುವುದಿಲ್ಲ. ಹೆತ್ತವರೇ ಬಂದು ಮಗುವನ್ನು ಸಮಿತಿಗೆ ಒಪ್ಪಿಸಿದರೆ ಮನಸ್ಸು ಬದಲಿಸಲು ಅವರಿಗೆ ಎರಡು ತಿಂಗಳ ಅವಕಾಶವಿದೆ. ಆಮೇಲಷ್ಟೇ ಮಗು ದತ್ತಕಕ್ಕೆ ಮುಕ್ತ ಎಂಬ ಘೋಷಣೆ. ದತ್ತಕದ ಆದೇಶವನ್ನು 2022ರ ಸೆಪ್ಟೆಂಬರಿನಿಂದ ಜಿಲ್ಲಾಧಿಕಾರಿ ಕೊಡುತ್ತಾರೆ. ಛಾಪಾ ಕಾಗದದ ಮೇಲೆ “ಮಗುವನ್ನು ನಿಮಗೆ ಕೊಟ್ಟಿದ್ದೇವೆ” ಎಂದು ಬರೆಸಿಕೊಂಡರೆ ಈ ಯಾವ ಆದೇಶದ ಬಲವೂ ಅದಕ್ಕೆ ಬರುವುದಿಲ್ಲ, ಹಣ ಕೈಬದಲಾಯಿಸಿದರೆ ಜೈಲಿನ ದಾರಿ.

ನೀನೇ ಆ ಮಗುವಾಗಿದ್ದರೆ

ನಿನ್ನ ತಪ್ಪಿನಿಂದ ಇದು ಆಗಿಲ್ಲ. ನಿನ್ನ ಫೋನಿಲ್ಲದಿದ್ದರೂ ಯಾರದ್ದಾದರೂ ಫೋನಿನಿಂದ 1098 ಒತ್ತು. ಹೆಸರು ಹೇಳಲು ಭಯವಾದರೆ ಮೊದಲು ಏನಾಗುತ್ತಿದೆ ಎಂದಷ್ಟೇ ಹೇಳು. ನಂಬಿಕೆಯ ದೊಡ್ಡವರೊಬ್ಬರನ್ನು ಆರಿಸಿಕೋ: ಟೀಚರ್, ಅತ್ತೆ, ಗೆಳತಿಯ ಅಮ್ಮ, ಹಾಸ್ಟೆಲ್ ವಾರ್ಡನ್, ಯಾರಾದರೂ ಸರಿ. ಒಬ್ಬರು ನಂಬದಿದ್ದರೆ ಇನ್ನೊಬ್ಬರಿಗೆ ಹೇಳು, ನಂಬುವವರು ಸಿಗುವವರೆಗೆ ಹೇಳು. ರಾತ್ರೋರಾತ್ರಿ ಬಸ್ಸು ಹತ್ತಿ ಗೊತ್ತಿಲ್ಲದ ಊರಿಗೆ ಹೋಗಬೇಡ. ಬಸ್‌ಸ್ಟ್ಯಾಂಡಿನಲ್ಲಿ ಒಂಟಿ ಮಕ್ಕಳಿಗಾಗಿ ಕಾಯುವ ಕೆಟ್ಟವರಿರುತ್ತಾರೆ. ಈಗಾಗಲೇ ಹೊರಟಿದ್ದರೆ ರೈಲ್ವೆ ಪೊಲೀಸರ ಬಳಿಗೋ ಠಾಣೆಗೋ ಹೋಗಿ “ನನ್ನನ್ನು ಮಕ್ಕಳ ಕಲ್ಯಾಣ ಸಮಿತಿಗೆ ಕರೆದುಕೊಂಡು ಹೋಗಿ” ಎಂದು ಹೇಳು. ಈ ಹೆಸರನ್ನು ನೆನಪಿಟ್ಟುಕೋ.

ಸಮಿತಿಯಲ್ಲಿ ಕಟಕಟೆ ಇರುವುದಿಲ್ಲ, ನಿನ್ನನ್ನು ಆರೋಪಿಯಂತೆ ನಿಲ್ಲಿಸುವುದಿಲ್ಲ. ಅಪ್ಪ ಅಮ್ಮನ ಎದುರು ಮಾತಾಡಲು ಆಗದಿದ್ದರೆ ಹಾಗೆಂದು ಹೇಳು. ಎಲ್ಲಿ ಇರಲು ಇಷ್ಟ, ಎಲ್ಲಿ ಭಯ, ತಮ್ಮ ತಂಗಿಯರ ಗತಿ ಏನು, ಎಲ್ಲವನ್ನೂ ಹೇಳು. ನಿನಗೆ ಮದುವೆ ಗೊತ್ತು ಮಾಡಿದ್ದರೆ ತಾರೀಖು, ಊರು, ಛತ್ರ ಹೇಳಿದರೆ ಸಾಕು, ತಡೆಯುತ್ತಾರೆ. ಆಗಿಹೋಗಿದ್ದರೂ ಕರ್ನಾಟಕದಲ್ಲಿ ಬಾಲ್ಯವಿವಾಹ ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ.

ಶಾಲೆ, ಜೀವನಾಂಶ, ಆಸ್ತಿ

ಟಿಸಿ ಕೊಡಲು ಹೆತ್ತವರು ಅಡ್ಡ ಬಂದರೆ ಮಗುವಿನ ಓದು ನಿಲ್ಲಬೇಕಿಲ್ಲ. ಶಿಕ್ಷಣ ಹಕ್ಕು ಕಾಯ್ದೆ, 2009ರ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ಟಿಸಿ ತಡವಾಯಿತೆಂದೋ ವಯಸ್ಸಿನ ದಾಖಲೆ ಇಲ್ಲವೆಂದೋ ಪ್ರವೇಶ ನಿರಾಕರಿಸುವಂತಿಲ್ಲ.

ಬೇರೆಡೆ ಬೆಳೆದ ಮಾತ್ರಕ್ಕೆ ಮಗು ತನ್ನ ಹಕ್ಕು ಕಳೆದುಕೊಳ್ಳುವುದಿಲ್ಲ, ಇದನ್ನು ಮನೆಯವರು ಬೇಕೆಂದೇ ಮಗುವಿನಿಂದ ಮುಚ್ಚಿಡುತ್ತಾರೆ. ಸಮಿತಿ ಮಗುವನ್ನು ಅಜ್ಜಿಯ ಮನೆಗೆ ಕಳಿಸಿದರೂ ತಂದೆ ಜೀವನಾಂಶ ಕೊಡಲೇಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 144ನೇ ಕಲಮಿನಡಿ ಅರ್ಜಿ ಹಾಕಬಹುದು. ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಹಾಗೆಯೇ ಉಳಿಯುತ್ತದೆ. ದತ್ತಕವಾದಾಗ ಮಾತ್ರ ಹುಟ್ಟಿದ ಮನೆಯ ಸಂಬಂಧ ಕಳಚುತ್ತದೆ, ಆಗಲೂ ಅದಕ್ಕೆ ಮೊದಲೇ ಮಗುವಿನ ಹೆಸರಿಗೆ ಬಂದಿದ್ದ ಆಸ್ತಿ ಮಗುವಿನದೇ. ಮಗುವಿಗೆ ಪಾಲಿರುವ ಜಮೀನನ್ನು ಮಾರಲು ಹೊರಟಿದ್ದಾರೆ ಎಂಬ ಸುಳಿವು ಸಿಕ್ಕರೆ ಪಹಣಿ ತೆಗೆಸಿಟ್ಟುಕೊಂಡು ಕಾನೂನು ಸೇವಾ ಸಮಿತಿಯ ವಕೀಲರಿಂದ ಕೂಡಲೇ ತಡೆಯಾಜ್ಞೆಗೆ ಅರ್ಜಿ ಹಾಕಿಸಿ.

ಹದಿನೆಂಟು ತುಂಬುವ ಮೊದಲು

ಬಾಲಮಂದಿರದಲ್ಲಿ ಬೆಳೆದ ಮಕ್ಕಳಿಗೆ ಹದಿನೆಂಟನೇ ಹುಟ್ಟುಹಬ್ಬ ಸಂತೋಷದ ದಿನವಲ್ಲ, ಮುಂದೆ ಎಲ್ಲಿಗೆ ಎಂಬ ಭಯದ ದಿನ. ಸಂಸ್ಥೆಯಿಂದ ಹೊರಬಂದವರಿಗೆ 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ, ಅನುಪಾಲನೆ ಎಂಬ ನೆರವಿದೆ: ವಸತಿ, ಓದು, ಕೌಶಲ ತರಬೇತಿ, ಹಣಕಾಸಿನ ಸಹಾಯ. ಅದು ತಾನಾಗಿ ಬರುವುದಿಲ್ಲ. ಹದಿನೇಳು ತುಂಬಿದ ಕೂಡಲೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆಧಾರ್, ಬ್ಯಾಂಕ್ ಖಾತೆ, ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಸಮಿತಿಯ ಎಲ್ಲ ಆದೇಶಗಳ ಪ್ರತಿ ಒಂದೇ ಫೈಲಿನಲ್ಲಿ ಮಗುವಿನ ಕೈಯಲ್ಲಿರಲಿ. ಜಾತಿ ಪ್ರಮಾಣಪತ್ರಕ್ಕೆ ತಂದೆಯ ಕಡೆಯ ದಾಖಲೆ ಬೇಕಾಗುವುದರಿಂದ, ಹೆತ್ತವರು ಸಹಕರಿಸದ ಮನೆಗಳಲ್ಲಿ ಇದೊಂದಕ್ಕೇ ತಿಂಗಳುಗಳು ಹಿಡಿಯುತ್ತವೆ. ಸಮಿತಿಯಿಂದ ತಹಶೀಲ್ದಾರರಿಗೆ ಪತ್ರ ಬರೆಸಿ, ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೇ ಆ ಕೆಲಸ ಶುರುಮಾಡಿ.